ಮಳೆ ತಾಗದ ಒಳಗೋಡೆಗೂ ಬೂಷ್ಟು ಹೇಗೆ ಬರುತ್ತದೆ?

ಮುಲುಂಡ್_ಮಳೆ

ನಾವಿರುವುದು ಮುಂಬೈಯ ಮುಲುಂಡ್ ಪೂರ್ವದಲ್ಲಿ, ಏಳು ಮಹಡಿ ಬಿಲ್ಡಿಂಗಿನ ಮೂರನೇ ಮಹಡಿ, ಒನ್ ಬಿಎಚ್‌ಕೆ. ಹುಬ್ಬಳ್ಳಿ ಬಿಟ್ಟು ಒಂಬತ್ತು ವರ್ಷ ಆಯಿತು, ಈ ಫ್ಲ್ಯಾಟಿಗೆ ಬಂದು ಇದು ಎರಡನೇ ಮಳೆಗಾಲ.

ಮೊನ್ನೆ ಭಾನುವಾರ ಹಾಲ್‌ನಲ್ಲಿರುವ ಕಪಾಟು ತೆರೆದೆ, ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಅಮ್ಮ ಕೊಟ್ಟ ಇಳಕಲ್ ಸೀರೆ ಬಿಚ್ಚಿದರೆ ಕೆಂಪು ಸೆರಗಿನ ಮೇಲೆ ಬಿಳಿ ಚುಕ್ಕೆ. ಮೊದಲು ಸೆರಗಿನ ನೇಯ್ಗೆಯೇ ಇರಬೇಕು ಅಂದುಕೊಂಡೆ, ಬೆರಳು ತಾಗಿಸಿದರೆ ಪುಡಿ ಬಂತು. ಕಪಾಟನ್ನು ಎಳೆದು ನೋಡಿದರೆ ಹಿಂದಿನ ಗೋಡೆ ತುಂಬ ಕಪ್ಪು ಬೂಷ್ಟು, ಸರಿಯಾಗಿ ಕಪಾಟಿನ ಅಳತೆಗೆ, ಯಾರೋ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ. ಕಪಾಟು ಇಲ್ಲದ ಕಡೆ ಗೋಡೆ ಚೊಕ್ಕವಾಗಿದೆ.

ಇನ್ನೊಂದು ಜಾಗ ಬೆಡ್‌ರೂಮಿನ ಕಿಟಕಿ ಕೆಳಗೆ. ಅಲ್ಲಿ ಪೇಂಟ್ ಉಬ್ಬಿ ಹಪ್ಪಳದ ಹಾಗೆ ಏಳುತ್ತಿದೆ. ಅದು ಹೊರಗಿನ ಗೋಡೆ, ಅರ್ಥ ಆಗುತ್ತದೆ. ಆದರೆ ಕಪಾಟಿನ ಹಿಂದಿನದು ಹಾಲ್ ಮತ್ತು ಬೆಡ್‌ರೂಮ್ ನಡುವಿನ ಗೋಡೆ. ಅದರ ಆಚೆ ಈಚೆ ಎರಡೂ ನಮ್ಮದೇ ಮನೆ. ಪೈಪ್ ಇಲ್ಲ, ಬಾತ್‌ರೂಮ್ ಇಲ್ಲ, ಮಳೆ ಬೀಳಲು ಸಾಧ್ಯವೇ ಇಲ್ಲ. ಹೋದ ವರ್ಷ ಪೇಂಟರ್ ಅದರ ಮೇಲೆ ಡ್ಯಾಂಪ್ ಪ್ರೂಫ್ ಅಂತ ಎರಡು ಕೋಟ್ ಹೊಡೆದು ದುಡ್ಡು ತೆಗೆದುಕೊಂಡು ಹೋದ. ಈ ವರ್ಷ ಒಬ್ಬ ಗುತ್ತಿಗೆದಾರ ಬಂದು ಗೋಡೆಗೆ ಬೆರಳಲ್ಲಿ ಎರಡು ಸಲ ಬಡಿದು, ಓಲ್ ಆಹೇ (ತೇವ ಇದೆ), ಪೂರ್ತಿ ಪ್ಲಾಸ್ಟರ್ ಒಡೆದು ವಾಟರ್‌ಪ್ರೂಫಿಂಗ್ ಮಾಡಬೇಕು, 65 ಸಾವಿರ ಆಗುತ್ತದೆ ಅಂದಿದ್ದಾನೆ.

ನಾನು ಬೆಳಿಗ್ಗೆಯಿಂದ ಸಂಜೆವರೆಗೆ ಎಲ್ಲ ಕಿಟಕಿ ತೆರೆದೇ ಇಡುತ್ತೇನೆ, ಗಾಳಿ ಆಡಲಿ ಅಂತ. ಆದರೂ ಹೀಗೆ. ಮಗನಿಗೆ ಆರು ವರ್ಷ, ರಾತ್ರಿ ಕೆಮ್ಮು ಬೇರೆ ಶುರುವಾಗಿದೆ. 65 ಸಾವಿರ ಸುರಿಯಬೇಕಾ? ಅನುಭವ ಇದ್ದವರು ಹೇಳಿ.

ಬಾಡಿಗೆ_ಬ್ಯಾಚುಲರ್, ಅಂಧೇರಿ

ವಿನೆಗರ್ ಹೊಡೆದು ಒರೆಸಿ, ಕಪಾಟಿನಲ್ಲಿ ಕರ್ಪೂರ ಇಡಿ. ನಾನು ಅಷ್ಟೇ ಮಾಡುವುದು. ಎರಡು ವಾರಕ್ಕೆ ವಾಪಸ್ ಬರುತ್ತದೆ, ಮತ್ತೆ ಒರೆಸುತ್ತೇನೆ 😅 ನನ್ನ ಆಫೀಸ್ ಬೆಲ್ಟ್ ಮೇಲೆ ಹಸಿರು ಗಡ್ಡ ಬಂದಿತ್ತು, ನಿಮ್ಮದು ಬರೀ ಚುಕ್ಕೆ, ಪುಣ್ಯವಂತರು.

ವಾಸ್ಕೋದವಳು

ಕರ್ಪೂರದಿಂದ ವಾಸನೆ ಮುಚ್ಚುತ್ತದೆ, ತೇವ ಹೋಗುವುದಿಲ್ಲ. ನಮ್ಮ ಗೋವಾ ಕಡೆ ಅಂತೂ ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಮಳೆ, ಕರ್ಪೂರದ ಲೆಕ್ಕ ಮಾಡಿದರೆ ದೇವಸ್ಥಾನ ನಡೆಸಬಹುದು.

ಸೀರೆ ಬಗ್ಗೆ ಒಂದು ಮಾತು. ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದೀರಾ? ಇಟ್ಟಿದ್ದರೆ ಇವತ್ತೇ ತೆಗೆಯಿರಿ. ಒಳಗೆ ಸೇರಿದ ತೇವ ಹೊರಗೆ ಬರುವುದಿಲ್ಲ. ಚುಕ್ಕೆಯನ್ನು ಮನೆಯೊಳಗೆ ಕೊಡವಬೇಡಿ, ಬಾಲ್ಕನಿಗೆ ಒಯ್ದು ಮೆತ್ತನೆಯ ಬ್ರಷ್‌ನಲ್ಲಿ ತೆಗೆದು, ನೆರಳಿನಲ್ಲಿ ಫ್ಯಾನ್ ಕೆಳಗೆ ಆರಿಸಿ, ಹಳೇ ಪಂಚೆಯ ಬಟ್ಟೆಯಲ್ಲಿ ಸುತ್ತಿಡಿ. ನೀರು ಹಾಕಿ ಉಜ್ಜಬೇಡಿ, ಸೆರಗು ರೇಷ್ಮೆಯಾದರೆ ಬಣ್ಣ ಬಿಡುತ್ತದೆ. ಬ್ಲೀಚ್ ಅಂತೂ ಸೀರೆಯ ಹತ್ತಿರ ಸುಳಿಯಲೇಬಾರದು.

ಸಿಮೆಂಟ್_ಕೈ, ಠಾಣೆ

22 ವರ್ಷದಿಂದ ಸೈಟ್ ಸೂಪರ್‌ವೈಸರ್. ಸ್ವಲ್ಪ ಉದ್ದ ಬರೆಯುತ್ತೇನೆ, 65 ಸಾವಿರದ ಪ್ರಶ್ನೆ ಅಲ್ವಾ.

ಮೊದಲು ಗುತ್ತಿಗೆದಾರನಿಗೆ ಬೇಡ ಅನ್ನಿ. ಒಳಗೋಡೆಗೆ ಯಾವ ನೀರನ್ನು ತಡೆಯಲು ವಾಟರ್‌ಪ್ರೂಫಿಂಗ್? ಬೂಷ್ಟು ಗೋಡೆಯ ರೋಗ ಅಲ್ಲ, ನೀರಿನ ಗುರುತು. ಅದರ ಬೀಜ ಗಾಳಿಯಲ್ಲಿ ಎಲ್ಲ ಕಡೆ ಇದ್ದೇ ಇರುತ್ತದೆ, ತಿನ್ನಲು ಧೂಳು, ಪೇಂಟ್, ಮರ ಏನಾದರೂ ಸಾಕು. ಅದಕ್ಕೆ ಕಡಿಮೆ ಬೀಳುವುದು ನೀರು ಮಾತ್ರ. ಆದ್ದರಿಂದ ಯಾವ ನೀರು, ಎಲ್ಲಿಂದ ಬಂತು ಅಂತ ಗೊತ್ತಾಗುವವರೆಗೆ ಒಂದು ಪೈಸೆ ಖರ್ಚು ಮಾಡಬೇಡಿ.

ನಿಮ್ಮ ಬೆಡ್‌ರೂಮಿನಲ್ಲಿ ಎಸಿ ಇದೆಯಾ? ಎಷ್ಟಕ್ಕೆ ಇಡುತ್ತೀರಿ? ಇದೊಂದು ಹೇಳಿ, ಮುಂದಿನದು ಆಮೇಲೆ.

ಮುಲುಂಡ್_ಮಳೆ

ಇದೆ. ರಾತ್ರಿ 20ಕ್ಕೆ. ಯಜಮಾನರಿಗೆ ಸೆಕೆ ತಡೆಯಲು ಆಗುವುದಿಲ್ಲ, ಹಾಗಾಗಿ 18ಕ್ಕೂ ಹೋಗುತ್ತದೆ. ಬೆಡ್‌ರೂಮ್ ಬಾಗಿಲು ಹಾಕಿರುತ್ತೇವೆ. ಆದರೆ ಬೂಷ್ಟು ಇರುವುದು ಹಾಲ್ ಕಡೆ, ಎಸಿ ರೂಮಿನ ಕಡೆ ಗೋಡೆ ಒಣಗಿದೆ.

ಸಿಮೆಂಟ್_ಕೈ, ಠಾಣೆ

ಸಿಕ್ಕಿಬಿತ್ತು.

ಫ್ರಿಜ್‌ನಿಂದ ತೆಗೆದ ಸ್ಟೀಲ್ ಚೊಂಬು ಕಟ್ಟೆಯ ಮೇಲಿಟ್ಟರೆ ಹೊರಗೆ ಬೆವರುತ್ತದೆ. ಆ ನೀರು ಚೊಂಬಿನ ಒಳಗಿಂದ ಬಂದದ್ದಲ್ಲ, ಅಡುಗೆಮನೆಯ ಗಾಳಿಯದು. ನಿಮ್ಮ ಗೋಡೆ ಅದೇ ಚೊಂಬು. ನಡುವಿನ ಗೋಡೆ ಸಾಮಾನ್ಯವಾಗಿ ನಾಲ್ಕು ಇಂಚಿನದು, ಬೆಡ್‌ರೂಮ್ ಕಡೆಯಿಂದ ರಾತ್ರಿಯಿಡೀ ತಣ್ಣಗಾಗುತ್ತದೆ. ಈ ಕಡೆ ಹಾಲ್‌ನಲ್ಲಿ 30 ಡಿಗ್ರಿ, ತೇವಾಂಶ ಶೇ. 80 ಅಂತ ಇಟ್ಟುಕೊಳ್ಳಿ. ಅಂಥ ಗಾಳಿ ಸುಮಾರು 26 ಡಿಗ್ರಿಗೆ ಇಳಿದರೆ ಸಾಕು, ನೀರು ಬಿಡುತ್ತದೆ. ತೆರೆದ ಗೋಡೆಯನ್ನು ಹಾಲ್‌ನ ಫ್ಯಾನ್ ಗಾಳಿ ಬೆಚ್ಚಗೆ ಇಟ್ಟಿರುತ್ತದೆ. ಕಪಾಟಿನ ಹಿಂದೆ ಗಾಳಿ ಆಡುವುದಿಲ್ಲ, ಗೋಡೆ ಇನ್ನೂ ತಣ್ಣಗಾಗುತ್ತದೆ, ಅಲ್ಲೇ ಬೆವರುತ್ತದೆ. ಸ್ಕೇಲ್ ಇಟ್ಟು ಎಳೆದ ಹಾಗೆ ಅಂದಿರಲ್ಲ, ಅದನ್ನು ಓದಿದಾಗಲೇ ಅನುಮಾನ ಬಂದಿತ್ತು. ಸೀಪೇಜ್, ಅಂದರೆ ಗೋಡೆಯೊಳಗಿಂದ ಸೋರುವ ನೀರು, ಇಷ್ಟು ಅಚ್ಚುಕಟ್ಟಾಗಿ ಚೌಕ ಹಾಕುವುದಿಲ್ಲ, ಅದು ಭೂಪಟದ ಹಾಗೆ ಹರಡುತ್ತದೆ.

ಇನ್ನು, ನೀರೇ ಹರಿಯಬೇಕು ಅಂತಿಲ್ಲ. ಗೋಡೆಗೆ ತಾಗಿದ ಗಾಳಿಯ ತೇವಾಂಶ ಶೇ. 80 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟಿಗೆ ಅಷ್ಟೇ ಸಾಕು. ಒರೆಸಿ ನೋಡಿದರೆ ಕೈಗೆ ಒದ್ದೆ ಹತ್ತದಿದ್ದರೂ ಒಳಗೊಳಗೇ ಬೆಳೆಯುತ್ತಿರುತ್ತದೆ.

ನನ್ನ ಮಾತು ನಂಬಬೇಡಿ, ಪರೀಕ್ಷೆ ಮಾಡಿ. ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಒಂದು ಅಡಿ ಚೌಕ ಎರಡು ತುಂಡು ಕತ್ತರಿಸಿ. ಒಂದನ್ನು ಕಪಾಟಿನ ಹಿಂದೆ, ಇನ್ನೊಂದನ್ನು ಕಿಟಕಿ ಕೆಳಗೆ, ನಾಲ್ಕೂ ಅಂಚಿಗೆ ಗಾಳಿ ನುಗ್ಗದ ಹಾಗೆ ಟೇಪ್ ಹಚ್ಚಿ. ಪೇಂಟ್ ಎದ್ದಿದ್ದರೆ ಕೆರೆದು ಒರೆಸಿದ ಮೇಲೆ ಹಚ್ಚಿ, ಇಲ್ಲದಿದ್ದರೆ ಟೇಪ್ ನಿಲ್ಲುವುದಿಲ್ಲ. ಕಪಾಟನ್ನು ಪೂರ್ತಿ ಸರಿಸಿಬಿಡಬೇಡಿ, ಕೈ ತೂರುವಷ್ಟು ಜಾಗ ಸಾಕು, ಎಸಿ ಎಂದಿನ ಹಾಗೇ ಓಡಲಿ. ಎರಡು ದಿನ ಬಿಟ್ಟು ಬೆಳಿಗ್ಗೆ ಎದ್ದ ಕೂಡಲೇ ನೋಡಿ. ಪ್ಲಾಸ್ಟಿಕ್‌ನ ಗೋಡೆ ಕಡೆ ಹನಿ ಇದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ನಿಮ್ಮ ಕಡೆಯ ಮೈ ಒದ್ದೆಯಾಗಿದ್ದರೆ ಅದು ಮನೆಯ ಗಾಳಿಯ ನೀರು. ಖರ್ಚು ಇಪ್ಪತ್ತು ರೂಪಾಯಿ.

ಜೊತೆಗೆ ಒಂದು ಹೈಗ್ರೋಮೀಟರ್ (ಗಾಳಿಯ ತೇವಾಂಶ ಅಳೆಯುವ ಮೀಟರ್) ತರಿಸಿ, ಐದುನೂರರ ಒಳಗೆ ಸಿಗುತ್ತದೆ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಮನೆಯ ತೇವಾಂಶ ಶೇ. 60ರ ಕೆಳಗಿರಲಿ, 30ರಿಂದ 50 ಆದರೆ ಒಳ್ಳೆಯದು ಅನ್ನುತ್ತದೆ. ಮುಂಬೈ ಜುಲೈನಲ್ಲಿ 30 ಅಂದರೆ ಅಂಗೈಯಲ್ಲಿ ಹಿಮಾಲಯ. 60-65ಕ್ಕೆ ತಂದರೂ ನೀವು ಗೆದ್ದ ಹಾಗೆ.

ಹಾಂ, ಕಿಟಕಿ. ಜುಲೈನಲ್ಲಿ ಇಡೀ ದಿನ ತೆರೆದಿಟ್ಟರೆ ನೀವು ಒಳಗೆ ಕರೆಯುತ್ತಿರುವುದು ತೇವವನ್ನೇ. ಸಂಜೆ ಆ ಗಾಳಿಯನ್ನು ಹಾಗೇ ಒಳಗೆ ಕೂಡಿಹಾಕಿ ಪಕ್ಕದ ಗೋಡೆ ತಣ್ಣಗೆ ಮಾಡುತ್ತೀರಿ.

ಮಾಟುಂಗಾ_ಚಾಳು

ಕ್ಷಮಿಸಿ, ಇದನ್ನು ಒಪ್ಪುವುದಿಲ್ಲ. ಐವತ್ತು ವರ್ಷ ಮಾಟುಂಗಾದ ಹಳೇ ಕಟ್ಟಡದಲ್ಲಿ ಇದ್ದವನು ನಾನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿ ಮುಚ್ಚಿದ್ದೇ ಇಲ್ಲ. ಒಂದೇ ಖೋಲಿಯಲ್ಲಿ ಎಂಟು ಜನ, ಮೂಲೆಯಲ್ಲಿ ಅಡುಗೆ, ತಲೆಯ ಮೇಲೆ ಹಗ್ಗಕ್ಕೆ ಒದ್ದೆ ಬಟ್ಟೆ. ಉಪ್ಪಿನಕಾಯಿಗೆ ಬೂಷ್ಟು ಬಂದದ್ದುಂಟು, ಗೋಡೆಗೆ ಬಂದದ್ದಿಲ್ಲ. ಈಗ ಎಲ್ಲ ಮುಚ್ಚಿ ಮುಚ್ಚಿ ಮನೆಯನ್ನೇ ಡಬ್ಬಿ ಮಾಡಿಕೊಂಡು ಮೀಟರ್ ಹಿಡಿದು ಕೂರುತ್ತಾರೆ.

ಸಿಮೆಂಟ್_ಕೈ, ಠಾಣೆ

ಕಾಕಾ, ನೀವು ಹೇಳಿದ್ದು ಸರಿ, ನಾನು ಹೇಳಿದ್ದೂ ಸರಿ. ನಿಮ್ಮ ಖೋಲಿಯಲ್ಲಿ ಎಸಿ ಇರಲಿಲ್ಲ. ಎಂಟು ಜನ ಮತ್ತು ಒಲೆ ಸೇರಿ ಒಳಗೆ ಹೊರಗಿಗಿಂತ ಬೆಚ್ಚಗಿರುತ್ತಿತ್ತು, ಹಾಗಾಗಿ ಒಳಗಿನ ಗೋಡೆ ಹೊರಗಿನ ಗಾಳಿಗಿಂತ ತಣ್ಣಗಾಗುತ್ತಲೇ ಇರಲಿಲ್ಲ. ಆ ಕಡೆ ಈ ಕಡೆ ಕಿಟಕಿ, ಎತ್ತರದ ಚಾವಣಿ, ಸುಣ್ಣದ ಗೋಡೆ. ಎಸಿ ಹಾಕದ ಮನೆಯಾದರೆ ನಾನೂ ಕಿಟಕಿ ತೆರೆಯಿರಿ, ಫ್ಯಾನ್ ಹಾಕಿ ಅಂತಲೇ ಹೇಳುತ್ತೇನೆ. ತೆರೆದ ಕಿಟಕಿಯೂ ಬೇಕು, 18 ಡಿಗ್ರಿಯೂ ಬೇಕು ಅಂದರೆ ಮಾತ್ರ ಕಷ್ಟ.

ಮಾಟುಂಗಾ_ಚಾಳು

ಹೀಗೆ ಹೇಳಿದರೆ ಒಪ್ಪಬಹುದು. ಮಗನ ಮನೆಯಲ್ಲಿ ಎಸಿ ಇದೆ, ಅವನ ಪುಸ್ತಕದ ಶೆಲ್ಫಿನ ಹಿಂದೆ ನೋಡಲು ಹೇಳುತ್ತೇನೆ.

ಕೋಥ್ರೂಡ್_ನರ್ಸ್

ಪುಣೆಗೆ ಮುಂಬೈಯ ಮೂರನೇ ಒಂದು ಭಾಗ ಮಳೆ, ಸುಮಾರು 700 ಮಿ.ಮೀ. ಅಷ್ಟೇ. ಹಾಗಂತ ಖುಷಿಪಡಬೇಡಿ. ನಮ್ಮನೆ ಬಾತ್‌ರೂಮಿನ ಚಾವಣಿಗೆ ಬೂಷ್ಟು ಬಂದದ್ದು ಜನವರಿಯಲ್ಲಿ. ಮಳೆಯ ಹೆಸರಿಲ್ಲ. ಗೀಜರ್‌ನ ಬಿಸಿ ನೀರು, ನಾಲ್ಕು ಜನ ಒಬ್ಬರ ಹಿಂದೆ ಒಬ್ಬರು ಸ್ನಾನ, ರಾತ್ರಿ ಚಳಿಗೆ ತಣ್ಣಗಾದ ಸ್ಲ್ಯಾಬ್. ಎಕ್ಸಾಸ್ಟ್ ಫ್ಯಾನ್ ಇತ್ತು, ಆದರೆ ಲೈಟಿನ ಜೊತೆಗೇ ಆರಿಸಿಬಿಡುತ್ತಿದ್ದೆವು. ಈಗ ಕೊನೆಯವರ ಸ್ನಾನ ಮುಗಿದ ಮೇಲೂ ಅರ್ಧ ಗಂಟೆ ಓಡುತ್ತದೆ, ಗೋಡೆಯ ನೀರನ್ನು ವೈಪರ್‌ನಲ್ಲಿ ಎಳೆದು ಬರುವುದು ಕೊನೆಯವರ ಪಾಳಿ. ಅದಕ್ಕೇ ಈಗ ಮೊದಲು ಸ್ನಾನಕ್ಕೆ ಹೋಗಲು ಜಗಳ.

ನಾನು ಬರೆಯಲು ಬಂದದ್ದು ಬೇರೆ ವಿಷಯಕ್ಕೆ. ಮಗುವಿನ ಕೆಮ್ಮನ್ನು ಡಾಕ್ಟರಿಗೆ ತೋರಿಸಿ, ಮನೆಯಲ್ಲಿ ಬೂಷ್ಟು ಇದೆ ಅಂತಲೂ ಬಾಯಿಬಿಟ್ಟು ಹೇಳಿ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಕೆಮ್ಮು, ಉಬ್ಬಸ, ಆಸ್ತಮಾ ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಕೆಮ್ಮಿಗೆ ಬೂಷ್ಟೇ ಕಾರಣ ಅಂತ ಇಲ್ಲಿ ಕೂತು ಯಾರೂ ಹೇಳಲು ಆಗುವುದಿಲ್ಲ, ಆದರೆ ಅವನನ್ನು ಆ ಗೋಡೆಯ ಹತ್ತಿರ ಮಲಗಿಸಬೇಡಿ.

ಒರೆಸುವ ದಿನ ಮಗು ಮನೆಯಲ್ಲಿ ಇರಬಾರದು. ಫ್ಯಾನ್ ಆರಿಸಿ, ಎನ್‌95 ಮಾಸ್ಕ್, ಗ್ಲೌಸ್ ಹಾಕಿಕೊಳ್ಳಿ. ಒಣ ಬ್ರಷ್‌ನಲ್ಲಿ ಉಜ್ಜಿದರೆ ಬೀಜವೆಲ್ಲ ಮನೆ ತುಂಬ ಹಾರುತ್ತದೆ. ಸೋಪಿನ ಪುಡಿ ಕಲಸಿದ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ, ಆಮೇಲೆ ಗೋಡೆಯನ್ನು ಪೂರ್ತಿ ಒಣಗಿಸಿ. ಬ್ಲೀಚ್ ಟೈಲ್ಸ್ ಮೇಲೆ ಪರವಾಗಿಲ್ಲ, ಪ್ಲಾಸ್ಟರ್ ಗೋಡೆಯಲ್ಲಿ ಮೇಲಿನ ಬಣ್ಣ ಹೋಗಿ ಬೇರು ಉಳಿಯುತ್ತದೆ. ಮತ್ತೆ, ದಯವಿಟ್ಟು, ಬ್ಲೀಚ್ ಮತ್ತು ಆ ವಿನೆಗರ್ ಎರಡನ್ನೂ ಒಟ್ಟಿಗೆ ಹೊಡೆಯಬೇಡಿ. ಬ್ಲೀಚ್ ಜೊತೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಕೂಡ ಬೇಡ. ಕ್ಲೋರಿನ್ ಗ್ಯಾಸ್ ಬರುತ್ತದೆ. ಬಾತ್‌ರೂಮ್ ಬಾಗಿಲು ಹಾಕಿಕೊಂಡು ಎರಡನ್ನೂ ಸುರಿದು, ಉಸಿರು ಕಟ್ಟಿ ಬಂದವರನ್ನು ನೋಡಿದ್ದೇನೆ.

ಬಾಡಿಗೆ_ಬ್ಯಾಚುಲರ್, ಅಂಧೇರಿ

ಅಯ್ಯೋ, ನಾನು ಹೋದ ವಾರ ಅದನ್ನೇ ಮಾಡಲು ಹೊರಟಿದ್ದೆ. ಥ್ಯಾಂಕ್ಸ್.

ಡಿಹ್ಯುಮಿಡಿಫೈಯರ್, ಆ ಗಾಳಿಯ ತೇವ ಎಳೆಯುವ ಮೆಷಿನ್, ತೆಗೆದುಕೊಂಡರೆ ಹೇಗೆ? ಇಲ್ಲ ಆ ಕಪಾಟಿನಲ್ಲಿ ಇಡುವ ಡಬ್ಬಿಗಳು?

ಸಿಮೆಂಟ್_ಕೈ, ಠಾಣೆ

ಡಬ್ಬಿಯಲ್ಲಿರುವುದು ಕ್ಯಾಲ್ಸಿಯಂ ಕ್ಲೋರೈಡ್, ತೇವ ಹೀರುವ ಒಂದು ಉಪ್ಪು. ಬಾಗಿಲು ಬಿಗಿಯಾಗಿ ಮುಚ್ಚುವ ಕಪಾಟಿಗೆ ಒಳ್ಳೆಯದು, ಕೆಳಗೆ ನೀರು ತುಂಬಿದ್ದು ಕಣ್ಣಿಗೆ ಕಾಣುತ್ತದೆ. ರೂಮಿನಲ್ಲಿ ಇಟ್ಟರೆ ಸಮುದ್ರಕ್ಕೆ ಸ್ಪಂಜ್ ಇಟ್ಟ ಹಾಗೆ. ಆ ನೀರು ಚೆಲ್ಲಿದರೆ ಬಟ್ಟೆಗೆ, ಚರ್ಮಕ್ಕೆ ಕಲೆ, ಮೇಲಿನ ಹಲಗೆಯಲ್ಲಿ ಇಡಬೇಡಿ.

ಮೆಷಿನ್ ನಿಜವಾಗಿ ಕೆಲಸ ಮಾಡುತ್ತದೆ. 250 ವ್ಯಾಟಿನದು ಎಂಟು ಗಂಟೆ ಓಡಿದರೆ ಎರಡು ಯೂನಿಟ್. ಕಿಟಕಿ ಮುಚ್ಚಿಯೇ ಓಡಿಸಬೇಕು, ಇಲ್ಲದಿದ್ದರೆ ಅದು ಇಡೀ ಅಂಧೇರಿಯನ್ನು ಒಣಗಿಸಲು ಹೊರಡುತ್ತದೆ. ರೂಮು ಸ್ವಲ್ಪ ಬಿಸಿಯೂ ಆಗುತ್ತದೆ. ಆದರೆ ತರುವ ಮೊದಲು ಒಂದು ಪ್ರಶ್ನೆ, ಬಟ್ಟೆ ಎಲ್ಲಿ ಒಣಗಿಸುತ್ತೀರಿ? ಒಂದು ಮೆಷಿನ್ ಬಟ್ಟೆ ಅಂದರೆ ಸುಮಾರು ಎರಡು ಲೀಟರ್ ನೀರು. ಹಾಲ್‌ನಲ್ಲಿ ಹಗ್ಗ ಕಟ್ಟಿದರೆ ಅಷ್ಟೂ ಹಾಲ್‌ನ ಗಾಳಿಗೆ. ಬಟ್ಟೆಯನ್ನು ಚಿಕ್ಕ ರೂಮಿನಲ್ಲಿ ಹಾಕಿ, ಬಾಗಿಲು ಮುಚ್ಚಿ, ಎಕ್ಸಾಸ್ಟ್ ಬಿಡಿ. ಕುಕ್ಕರ್ ಇಡುವಾಗ ಚಿಮಣಿ ಹಾಕಿ, ಚಿಮಣಿಯ ಕೊಳವೆ ಹೊರಗೆ ಹೋಗುತ್ತದಾ ಅಂತಲೂ ನೋಡಿ. ಡಕ್ಟ್ ಇಲ್ಲದ್ದು ಎಣ್ಣೆ ಹಿಡಿದು ಹಬೆಯನ್ನು ಮನೆಗೇ ವಾಪಸ್ ಕೊಡುತ್ತದೆ.

ವಾಸ್ಕೋದವಳು

ನಮ್ಮದು ಹಳೇ ಕೆಂಪು ಕಲ್ಲಿನ ಮನೆ, ಹಂಚಿನದು. ಕಥೆಯೇ ಬೇರೆ. ನೆಲದಿಂದ ಎರಡು ಮೂರು ಅಡಿ ತನಕ ಮಾತ್ರ ತೇವ ಏರುತ್ತದೆ, ಬಿಳಿ ಪುಡಿ ಬರುತ್ತದೆ. ಹತ್ತು ವರ್ಷದ ಕೆಳಗೆ ಗಟ್ಟಿಯಾಗಿರಲಿ ಅಂತ ಸುಣ್ಣದ ಗಾರೆ ಕೆತ್ತಿಸಿ ಸಿಮೆಂಟ್ ಹೊಡೆಸಿದೆವು. ಮೊದಲು ಗೋಡೆ ಹೀರಿದ ನೀರನ್ನು ಹೊರಗೆ ಬಿಡುತ್ತಿತ್ತು. ಸಿಮೆಂಟ್ ಬಂದ ಮೇಲೆ ಬಿಡಲು ದಾರಿ ಇಲ್ಲ, ಇನ್ನೂ ಮೇಲಕ್ಕೆ ಏರಿತು. ಈಗ ಒಂದೊಂದೇ ಗೋಡೆಗೆ ಮತ್ತೆ ಸುಣ್ಣ ಹಾಕಿಸುತ್ತಿದ್ದೇವೆ, ದುಪ್ಪಟ್ಟು ಖರ್ಚು.

ಆ ಬಿಳಿ ಪುಡಿ ಬೂಷ್ಟಾ ಉಪ್ಪಾ ಅಂತ ತಿಳಿಯಲು ನೀರು ಚಿಮುಕಿಸಿ. ಉಪ್ಪಾದರೆ ಕರಗಿ ಕಾಣೆಯಾಗುತ್ತದೆ. ಬೂಷ್ಟಾದರೆ ಒದ್ದೆಯಾಗಿ ಅಲ್ಲೇ ಅಂಟಿ ಕೂರುತ್ತದೆ.

ಮುಲುಂಡ್_ಮಳೆ

ಎಲ್ಲರಿಗೂ ಥ್ಯಾಂಕ್ಸ್. ಗುರುವಾರ ಪ್ಲಾಸ್ಟಿಕ್ ಅಂಟಿಸಿದ್ದೆ, ಇವತ್ತು ಶನಿವಾರ ಬೆಳಿಗ್ಗೆ ಆರಕ್ಕೆ ಟಾರ್ಚ್ ಹಿಡಿದು ನೋಡಿದೆ.

ಕಪಾಟಿನ ಹಿಂದಿನದು: ಗೋಡೆ ಕಡೆ ಪೂರ್ತಿ ಒಣ. ನನ್ನ ಕಡೆಯ ಮೈಯ ಮೇಲೆ ಬೆರಳಿಟ್ಟರೆ ಗೆರೆ ಮೂಡುವಷ್ಟು ಒದ್ದೆ. ಹೈಗ್ರೋಮೀಟರ್ ಹಾಲ್‌ನಲ್ಲಿ 84 ತೋರಿಸುತ್ತಿದೆ. ಯಜಮಾನರನ್ನು ಎಬ್ಬಿಸಿ ತೋರಿಸಿದೆ, ಏನೂ ಮಾತಾಡದೆ ಎಸಿ 26 ಮಾಡಿದರು.

ಕಿಟಕಿ ಕೆಳಗಿನದು ಉಲ್ಟಾ. ಗೋಡೆ ಕಡೆ ಮುತ್ತಿನ ಹಾಗೆ ಹನಿ, ಹೊರಮೈ ಒಣ. ಅಂದರೆ ಅದು ಬೇರೆಯದೇ ನೀರು, ಅಲ್ವಾ?

ಸಿಮೆಂಟ್_ಕೈ, ಠಾಣೆ

ಹೌದು, ಅದು ಮಳೆ. ಒಳ್ಳೆಯ ಕೆಲಸ ಮಾಡಿದಿರಿ.

ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ಇಡಿ, ಕೆಳಗೆ ಕಾಲು ಇರಲಿ, ಗಾಳಿ ಹಿಂದೆ ಆಡಬೇಕು. ಆದರೆ ಇನ್ನೊಂದು ಗೋಡೆಗೇ ಕಪಾಟು ಸರಿಸಲು ಆದರೆ ಅದಕ್ಕಿಂತ ಒಳ್ಳೆಯದಿಲ್ಲ. ಹಳೇ ಡ್ಯಾಂಪ್ ಪ್ರೂಫ್ ಪೇಂಟಿನ ಮೇಲೆ ಈಗ ಮತ್ತೇನೂ ಬಳಿಯಬೇಡಿ.

ಕಿಟಕಿಗೆ ಬರೋಣ. ಹೊರಗೋಡೆಯಿಂದ ಮಳೆ ನೀರು ಸೋರಿದರೆ, ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿ ಮಾದರಿ ಉಪನಿಯಮದ ಪ್ರಕಾರ ಆ ರಿಪೇರಿ ಸೊಸೈಟಿ ಖರ್ಚು. ಮೇಲಿನ ಮನೆಯ ಬಾತ್‌ರೂಮಿನದಾಗಿದ್ದರೆ ಲೆಕ್ಕ ಬೇರೆ. ಈಗಲೇ ಪತ್ರ ಕೊಟ್ಟು, ಒಂದು ಪ್ರತಿಗೆ ಸಹಿ ಹಾಕಿಸಿ ಇಟ್ಟುಕೊಳ್ಳಿ. ಕೆಲಸ ಮಾತ್ರ ದೀಪಾವಳಿ ಆದ ಮೇಲೆ, ಗೋಡೆ ಒಣಗಿದಾಗ. ಮಳೆಯಲ್ಲಿ ವಾಟರ್‌ಪ್ರೂಫಿಂಗ್ ಮಾಡಿದರೆ ನೀರನ್ನು ಒಳಗಿಟ್ಟು ಬಾಗಿಲು ಹಾಕಿದ ಹಾಗೆ.

ಆದರೆ ಪತ್ರ ಬರೆಯುವ ಮೊದಲು ಒಂದು ನೋಡಿ. ಸ್ಲೈಡಿಂಗ್ ಕಿಟಕಿನಾ? ಕೆಳಗಿನ ಅಲ್ಯುಮಿನಿಯಂ ಹಳಿಯಲ್ಲಿ ಹೊರಗಿನ ಬದಿಗೆ ಚಿಕ್ಕ ಚಿಕ್ಕ ತೂತು ಇರಬೇಕು, ಮಳೆ ನೀರು ಹೊರಗೆ ಹೋಗಲು. ಒಂದು ಮಗ್ ನೀರು ಹಳಿಗೆ ಸುರಿಯಿರಿ.

ಮುಲುಂಡ್_ಮಳೆ

ಸುರಿದೆ. ಹತ್ತು ನಿಮಿಷ ಆದರೂ ನೀರು ಹಳಿಯಲ್ಲೇ ನಿಂತಿತ್ತು, ಆಮೇಲೆ ಒಳಗಿನ ಮೂಲೆಯಿಂದ ಮೆಲ್ಲಗೆ ಗೋಡೆಗೆ ಇಳಿಯಲು ಶುರು ಮಾಡಿತು. ನನ್ನ ಕಣ್ಣೆದುರೇ. ತೂತು ಹುಡುಕಿದರೆ ಎರಡೂ ಪೇಂಟ್ ಮತ್ತು ಧೂಳು ಸೇರಿ ಗಟ್ಟಿಯಾಗಿ ಮುಚ್ಚಿಹೋಗಿವೆ. ಹೋದ ವರ್ಷ ಡ್ಯಾಂಪ್ ಪ್ರೂಫ್ ಹೊಡೆದ ಅದೇ ಪೇಂಟಿನ ಬಣ್ಣ.

ಪೊರಕೆಯಿಂದ ತೆಂಗಿನ ಕಡ್ಡಿ ಕಿತ್ತು ಒಂದನ್ನು ಬಿಡಿಸಿದ್ದೇನೆ, ನೀರು ಹೊರಗೆ ಹೋಯಿತು. ಇನ್ನೊಂದರಲ್ಲಿ ಕಡ್ಡಿ ಮುರಿದು ಕೂತಿದೆ. ಯಜಮಾನರು ಸ್ಕ್ರೂಡ್ರೈವರ್ ಹುಡುಕುತ್ತಿದ್ದಾರೆ.